ಬಿಚ್ಚದೆ ತಿಳಿಯುವ ವಿದ್ಯೆ

ಬೆಂಗಳೂರಿನಿಂದ ಪುಣೆಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಹಿರಿಯೂರನ್ನು ಹಾದುಹೋದವರಿಗೆ ಒಂದು ನೋಟ ಪರಿಚಿತವಾಗಿರುತ್ತದೆ. ಊರು ಮುಗಿದು ಹೊಲ ತೊಡಗುವ ಎಡೆಯಲ್ಲಿ ತಗಡಿನ ಚಪ್ಪರಗಳು. ಚಪ್ಪರದ ಮುಂದೆ ಎಣ್ಣೆ ಕುಡಿದು ಕಪ್ಪಾದ ನೆಲ. ಆ ನೆಲದ ಮೇಲೆ ದಣಿದು ನಿಂತ ಒಂದು ಲಾರಿ. ಲಾರಿಯ ಕೆಳಗಿನಿಂದ ಹೊರಚಾಚಿದ ಎರಡು ಕಾಲುಗಳು. ಚಿತ್ರದುರ್ಗದ ಹೊರವಲಯದಲ್ಲಿಯೂ, ಹೊಳಲ್ಕೆರೆ ಹೊಸದುರ್ಗಗಳ ಕೂಡುರಸ್ತೆಗಳಲ್ಲಿಯೂ ಇದೇ ನೋಟ. ಚಿತ್ರದುರ್ಗ ಸೀಮೆಯ ಇತಿಹಾಸವೆಂದರೆ ನಮಗೆ ಏಳುಸುತ್ತಿನ ಕೋಟೆ, ಪಾಳೆಯಗಾರರು, ಚಂದ್ರವಳ್ಳಿಯ ಶಾಸನ. ಲಾರಿಯ ಕೆಳಗಿನ ಆ ಎರಡು ಕಾಲುಗಳಿಗೂ ಒಂದು ಇತಿಹಾಸವುಂಟೆಂದು ನಾವು ಎಣಿಸುವುದಿಲ್ಲ. ನಾನು ಇಲ್ಲಿ ಹೇಳಹೊರಟಿರುವುದು ಆ ಕಾಲುಗಳ ಒಡೆಯನ ಒಂದು ವಿದ್ಯೆಯ ವಿಚಾರ: ಮೋಟಾರಿನ ಕ್ಲಚ್ಚಿಗೆ ಬಂದ ರೋಗವನ್ನು ಅದನ್ನು ಬಿಚ್ಚದೆಯೇ ಗುರುತಿಸುವ ವಿದ್ಯೆ.

ಕ್ಲಚ್ಚಿಗೆ ಕನ್ನಡದಲ್ಲಿ ಬೇರೆ ಹೆಸರು ಹುಟ್ಟಲಿಲ್ಲ. ಗಾಡಿಯ ಗಾಲಿ, ಅಚ್ಚು, ನೊಗ, ಮೂಕಿ ಎಲ್ಲಕ್ಕೂ ನಮ್ಮಲ್ಲಿ ಮಾತುಗಳಿದ್ದವು. ಕ್ಲಚ್ಚಿಗೆ ಮಾತ್ರ ಇರಲಿಲ್ಲ. ಅದಕ್ಕೆ ಕಾರಣ ಸರಳ. ಎತ್ತಿಗೆ ಕ್ಲಚ್ಚು ಬೇಕಿಲ್ಲ. ಎತ್ತು ನಿಂತಲ್ಲಿಂದಲೇ ಎಳೆಯಬಲ್ಲದು. ಕಾಲೂರಿ, ಕೊರಳು ಬಗ್ಗಿಸಿ, ಮೊದಲ ಹೆಜ್ಜೆಗೇ ತನ್ನ ಪೂರ್ಣಬಲವನ್ನು ನೊಗಕ್ಕೆ ಕೊಡಬಲ್ಲದು. ಪೆಟ್ರೋಲು ಅಥವಾ ಡೀಸೆಲಿನ ಎಂಜಿನ್ನಿಗೆ ಈ ಸಾಮರ್ಥ್ಯವಿಲ್ಲ. ತಿರುಗುತ್ತಿರುವಾಗ ಮಾತ್ರ ಅದಕ್ಕೆ ಶಕ್ತಿ. ನಿಂತರೆ ಅದು ಬರಿಯ ಕಬ್ಬಿಣ. ತಿರುಗುತ್ತಿರುವ ಎಂಜಿನ್ನನ್ನು ನಿಂತಿರುವ ಗಾಲಿಗೆ ಒಮ್ಮೆಗೇ ಜೋಡಿಸಿದರೆ ಎಂಜಿನ್ನು ಸಾಯುತ್ತದೆ, ಇಲ್ಲವೇ ಏನಾದರೂ ಮುರಿಯುತ್ತದೆ. ಆದ್ದರಿಂದ ಎರಡರ ನಡುವೆ ಒಬ್ಬ ಮಧ್ಯಸ್ಥ ಬೇಕಾಯಿತು. ಮೊದಲು ಜಾರುತ್ತ, ಆಮೇಲೆ ಮೆಲ್ಲಮೆಲ್ಲನೆ ಹಿಡಿಯುತ್ತ, ಕಡೆಗೆ ಎರಡನ್ನೂ ಒಂದು ಮಾಡುವ ಸಾಧನವದು. ಕ್ಲಚ್ಚಿನ ಕೆಲಸವೆಲ್ಲ ಇಷ್ಟೇ: ಜಾರಬೇಕಾದಾಗ ಜಾರಬೇಕು, ಹಿಡಿಯಬೇಕಾದಾಗ ಹಿಡಿಯಬೇಕು. ಅದರ ರೋಗಗಳೂ ಹೆಚ್ಚುಕಡಿಮೆ ಇಷ್ಟೇ: ಹಿಡಿಯಬೇಕಾದಾಗ ಜಾರುವುದು, ಬಿಡಬೇಕಾದಾಗ ಬಿಡದಿರುವುದು.

ಈ ಸೀಮೆಗೂ ಕ್ಲಚ್ಚಿಗೂ ಇಷ್ಟು ಗಾಢವಾದ ನಂಟು ಹೇಗೆ ಬೆಳೆಯಿತು ಎನ್ನುವುದಕ್ಕೆ ಭೂಗೋಳವೇ ಉತ್ತರ ಹೇಳುತ್ತದೆ. 19ನೆಯ ಶತಮಾನದ ಕಡೆಯಲ್ಲಿ ಬೆಂಗಳೂರಿನಿಂದ ಹರಿಹರದತ್ತ ರೈಲು ಹಾಕಿದಾಗ ಅದು ಪಶ್ಚಿಮಕ್ಕೆ ಸರಿದು ಬೀರೂರು, ಚಿಕ್ಕಜಾಜೂರುಗಳ ಮೂಲಕ ಹೋಯಿತು. ಹೊಸದುರ್ಗಕ್ಕೆ ಸಿಕ್ಕಿದ್ದು ಊರಿನಿಂದ ದೂರದಲ್ಲಿರುವ ‘ಹೊಸದುರ್ಗ ರೋಡ್’ ಎಂಬ ನಿಲ್ದಾಣ. ಚಿತ್ರದುರ್ಗಕ್ಕೆ ಚಿಕ್ಕಜಾಜೂರಿನಿಂದ ಒಂದು ಕವಲುದಾರಿ ಮಾತ್ರ ಬಂತು. ಹಿರಿಯೂರಿಗಂತೂ 20ನೆಯ ಶತಮಾನವೆಲ್ಲ ಕಳೆದರೂ ರೈಲು ಬರಲಿಲ್ಲ. ರೈಲು ಕೈಬಿಟ್ಟುದನ್ನು ರಸ್ತೆ ಕೈಹಿಡಿಯಿತು. ತುಮಕೂರು, ಸಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ ಎಂದು ಸಾಗುವ ಹಳೆಯ ಪುಣೆ ರಸ್ತೆ ಮುಂದೆ 4ನೆಯ ರಾಷ್ಟ್ರೀಯ ಹೆದ್ದಾರಿಯಾಯಿತು. ಸೊಲ್ಲಾಪುರದಿಂದ ಬಂದ 13ನೆಯ ಹೆದ್ದಾರಿ ಚಿತ್ರದುರ್ಗದಲ್ಲಿ ಅದನ್ನು ಅಡ್ಡಹಾಯ್ದು, ಹೊಳಲ್ಕೆರೆಯ ಮೇಲೆ ಶಿವಮೊಗ್ಗಕ್ಕೂ ಅಲ್ಲಿಂದಾಚೆ ಮಂಗಳೂರಿಗೂ ಇಳಿಯಿತು. ಬಳ್ಳಾರಿಯ ರಸ್ತೆ ಹಿರಿಯೂರಿನಲ್ಲಿ ಬಂದು ಸೇರಿತು. ಈಗ ಈ ಹೆದ್ದಾರಿಗಳ ಸಂಖ್ಯೆಗಳು ಬದಲಾಗಿವೆ; ದಾರಿಗಳು ಅವೇ.

1898ರಿಂದ 1907ರವರೆಗೆ ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ಕಟ್ಟೆ ಎದ್ದು ನಿಂತ ಕಾಲ, ಈ ನಾಡಿನಲ್ಲಿ ಇನ್ನೂ ಎತ್ತಿನ ಗಾಡಿಯ ಕಾಲ. ಆ ಕಟ್ಟೆಗೆ ಕಲ್ಲು ಜೋಡಿಸುತ್ತಿದ್ದ ವರ್ಷಗಳಲ್ಲಿಯೇ, ಸಮುದ್ರದಾಚೆ, ಮೋಟಾರಿನ ಕ್ಲಚ್ಚು ತನ್ನ ಬಾಲ್ಯವನ್ನು ಕಳೆಯುತ್ತಿತ್ತು. ಆ ಬಾಲ್ಯದ ಕಥೆಯನ್ನು ಸ್ವಲ್ಪ ನೋಡಬೇಕು. ನಮ್ಮ ಮೇಸ್ತ್ರಿಯ ವಿದ್ಯೆಯ ಬೇರು ಅಲ್ಲಿದೆ.

1886ರಲ್ಲಿ ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೂರು ಗಾಲಿಯ ವಾಹನಕ್ಕೆ ಹಕ್ಕುಪತ್ರ ಪಡೆದಾಗ ಅದರಲ್ಲಿ ಇಂದಿನ ರೀತಿಯ ಕ್ಲಚ್ಚಿರಲಿಲ್ಲ. ಹಿಟ್ಟಿನ ಗಿರಣಿಯಲ್ಲಿ ಇಂದಿಗೂ ಕಾಣುವಂತೆ, ಚರ್ಮದ ಪಟ್ಟಿಯೊಂದನ್ನು ಸುಮ್ಮನೆ ತಿರುಗುವ ಗಾಲಿಯಿಂದ ಕೆಲಸದ ಗಾಲಿಗೆ ಸರಿಸುವ ಏರ್ಪಾಡಿತ್ತು. 1888ರ ಆಗಸ್ಟಿನಲ್ಲಿ ಅವನ ಪತ್ನಿ ಬರ್ತಾ ಬೆಂಜ್ ಗಂಡನಿಗೆ ಹೇಳದೆ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಹೊರಟಳು. ದಾರಿಯಲ್ಲಿ ಮರದ ಬ್ರೇಕು ಸವೆದಾಗ ಒಬ್ಬ ಚಮ್ಮಾರನನ್ನು ಹಿಡಿದು ಅದಕ್ಕೆ ತೊಗಲು ಹೊಡೆಸಿದಳು. ಮೋಟಾರಿನ ಮೊದಲ ದೂರಪ್ರಯಾಣದಲ್ಲಿಯೇ ಉಜ್ಜುವ ಭಾಗ ಕೈಕೊಟ್ಟಿತು ಎಂಬುದನ್ನು ಗಮನಿಸಬೇಕು. ರಸ್ತೆಬದಿಯ ರಿಪೇರಿಯ ಇತಿಹಾಸವನ್ನು ಬರೆಯುವವರು ಆ ಚಮ್ಮಾರನಿಂದಲೇ ಪ್ರಾರಂಭಿಸಿದರೆ ತಪ್ಪಾಗಲಾರದು.

ಅನಂತರ ಬಂದದ್ದು ಶಂಕುವಿನಾಕಾರದ ಕ್ಲಚ್ಚು. ಒಂದು ಬಟ್ಟಲಿನೊಳಗೆ ಮತ್ತೊಂದು ಬಟ್ಟಲು ಕೂರುವಂತೆ. ಒಳಬಟ್ಟಲಿಗೆ ತೊಗಲಿನ ಹೊದಿಕೆ. ತೊಗಲು ಒಣಗಿದರೆ ಕ್ಲಚ್ಚು ಗಕ್ಕನೆ ಹಿಡಿದು ವಾಹನ ಎಗರುತ್ತಿತ್ತು. ಆಗ ಅದಕ್ಕೆ ಹರಳೆಣ್ಣೆಯನ್ನೋ ದನದ ಕಾಲಿನ ಮೂಳೆಯಿಂದ ತೆಗೆದ ಎಣ್ಣೆಯನ್ನೋ ಉಣಿಸುತ್ತಿದ್ದರು. ಎಣ್ಣೆ ಹೆಚ್ಚಾದರೆ ಜಾರುತ್ತಿತ್ತು. ಆಗ ಜಿಡ್ಡು ಹೀರುವ ಜೇಡಿಮಣ್ಣಿನ ಪುಡಿಯನ್ನು ಉದುರಿಸುತ್ತಿದ್ದರು. ನಮ್ಮ ಚಿತ್ರದುರ್ಗದ ಹೊಲಗಳಲ್ಲಿ ಬೆಳೆಯುವ ಹರಳು ಯೂರೋಪಿನ ಮೋಟಾರಿಗೂ ಪಥ್ಯವಾಗಿತ್ತೆಂದರೆ ನಗೆ ಬರಬಹುದು, ಆದರೆ ಅದು ನಿಜ. ಮುಖ್ಯವಾದ ಮಾತೆಂದರೆ, ಕ್ಲಚ್ಚನ್ನು ಕಣ್ಣಿನಿಂದಲ್ಲ, ಪಾದದಿಂದಲೂ ಕಿವಿಯಿಂದಲೂ ಮೂಗಿನಿಂದಲೂ ತಿಳಿಯುವ ಅಭ್ಯಾಸ ಆಗಲೇ ಹುಟ್ಟಿತು. ಜಾರುತ್ತಿದೆಯೋ ಎಗರುತ್ತಿದೆಯೋ ಎಂಬುದನ್ನು ಓಡುವಾಗಲೇ ತೀರ್ಮಾನಿಸದಿದ್ದರೆ ಎಣ್ಣೆ ಹಾಕಬೇಕೋ ಮಣ್ಣು ಹಾಕಬೇಕೋ ತಿಳಿಯುತ್ತಿರಲಿಲ್ಲ. ತಪ್ಪು ನಿದಾನಕ್ಕೆ ತಪ್ಪು ಮದ್ದು. ವೈದ್ಯದಲ್ಲಿ ಹೇಗೋ ಇಲ್ಲಿಯೂ ಹಾಗೆ.

ತೊಗಲಿಗೆ ಶಾಖ ತಡೆಯದು. 1897ರಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ ಎಂಬಾತ ಬ್ರೇಕಿಗೆ ಹಚ್ಚುವ ಹೊದಿಕೆಗಳನ್ನು ತಯಾರಿಸಲು ತೊಡಗಿದ. ಇಳಿಜಾರಿನಲ್ಲಿ ಕುದುರೆಗಾಡಿಯವರು ಬ್ರೇಕಿನ ಮರಕ್ಕೆ ಹಳೆಯ ಬೂಟಿನ ತೊಗಲು ಬಡಿದಿದ್ದುದನ್ನು ನೋಡಿ ಅವನಿಗೆ ಈ ಯೋಚನೆ ಹೊಳೆಯಿತೆಂದು ಕಥೆ. 1908ರಲ್ಲಿ ಅವನು ಹತ್ತಿಯನ್ನು ಬಿಟ್ಟು ಬೆಂಕಿಗೆ ಬೇಯದ ಒಂದು ನಾರನ್ನು ಹಿಡಿದ. ಅದರ ಹೆಸರು ಆಸ್ಬೆಸ್ಟಾಸ್, ಕನ್ನಡದಲ್ಲಿ ಕಲ್ನಾರು. ಕಲ್ಲಿನ ನಾರು! ನಮ್ಮ ಹಾಸನ ಜಿಲ್ಲೆಯ ಹೊಳೆನರಸೀಪುರದ ಸೀಮೆಯಲ್ಲಿಯೂ ಅದರ ನಿಕ್ಷೇಪಗಳಿವೆ. ಮುಂದೆ ಶಂಕುವಿನ ಕ್ಲಚ್ಚು ಹೋಗಿ ಚಪ್ಪಟೆಯ ಪ್ಲೇಟಿನ ಕ್ಲಚ್ಚು ನೆಲೆಯೂರಿದಾಗ, ಆ ಪ್ಲೇಟಿನ ಎರಡು ಮೈಗೂ ಕಲ್ನಾರಿನ ಬಳೆಗಳನ್ನು ರಿವೆಟ್ಟಿನಿಂದ ಬಡಿದರು. ಸುಮಾರು 70 ವರ್ಷಗಳ ಕಾಲ ಲೋಕದ ಮೋಟಾರುಗಳೆಲ್ಲ ಬಹುಮಟ್ಟಿಗೆ ಕಲ್ನಾರಿನ ಹಿಡಿತದ ಮೇಲೆಯೇ ಓಡಿದವು.

ನಮ್ಮ ರಸ್ತೆಗಳಲ್ಲಿಯೂ ಅಷ್ಟೇ. 1948ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರ ತನ್ನ ರಸ್ತೆ ಸಾರಿಗೆ ಇಲಾಖೆಯನ್ನು ತೆರೆಯಿತು; 1961ರಲ್ಲಿ ಅದು ನಿಗಮವಾಯಿತು. ಚಿತ್ರದುರ್ಗದ ಕಡೆ ಖಾಸಗಿ ಬಸ್ಸುಗಳ ಬಲವೇ ಬಹುಕಾಲ ಹೆಚ್ಚಾಗಿತ್ತು. 1954ರಿಂದ ಟಾಟಾ ಮರ್ಸಿಡಿಸ್ ಬೆಂಜ್ ಲಾರಿಗಳು ಈ ದೇಶದಲ್ಲಿಯೇ ತಯಾರಾಗಿ ಹೆದ್ದಾರಿಗೆ ಇಳಿದವು. ಇದರ ಮೇಲೆ ಕಬ್ಬಿಣದ ಅದಿರಿನ ಸಾಗಾಟ ಬೇರೆ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗಗಳ ಗುಡ್ಡಗಳಿಂದ ಇಳಿದ ಆ ಕೆಂಪು ಭಾರ, 2011ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ ಗಣಿಗಾರಿಕೆಯನ್ನು ತಡೆದು ನಿಲ್ಲಿಸುವವರೆಗೂ ಹೆಚ್ಚುತ್ತಲೇ ಇತ್ತು. ಮಿತಿಮೀರಿದ ಭಾರ ಹೊತ್ತು ಏರು ಹತ್ತುವ ಲಾರಿಯಲ್ಲಿ ಎಲ್ಲಕ್ಕಿಂತ ಮೊದಲು ಸಾಯುವುದು ಕ್ಲಚ್ ಪ್ಲೇಟು. ತಗಡಿನ ಚಪ್ಪರಗಳು ಎದ್ದದ್ದು ಹೀಗೆ.

1983ರ ಬೇಸಿಗೆಯಲ್ಲಿ ನಾನು ಒಂದು ಹಳೆಯ ಕಾರಿನಲ್ಲಿ ಬೆಂಗಳೂರಿನಿಂದ ಹೊಳಲ್ಕೆರೆಗೆ ಮದುವೆಗೆಂದು ಹೊರಟಿದ್ದೆ. ಹಿರಿಯೂರನ್ನು ಬಿಟ್ಟು ಸ್ವಲ್ಪ ದೂರದ ಒಂದು ಏರಿನಲ್ಲಿ ಕಾರಿನ ಎಂಜಿನ್ನು ಮೊರೆಯಿತು. ಕಾರು ಮಾತ್ರ ತೆವಳಿತು. ಸುಟ್ಟ ವಾಸನೆ ಬಂತು. ಪ್ಲೇಟು ಹೋಯಿತು, ಮದುವೆಯೂ ಹೋಯಿತು ಎಂದುಕೊಂಡು ಮೆಲ್ಲನೆ ಹಿಂದಿರುಗಿ ಹಿರಿಯೂರಿನ ಒಂದು ಚಪ್ಪರದ ಮುಂದೆ ನಿಲ್ಲಿಸಿದೆ. ಮೇಸ್ತ್ರಿ ಐವತ್ತು ದಾಟಿದವರು. ಸ್ಪ್ಯಾನರು ಹಿಡಿಯಲಿಲ್ಲ, ಬೀಡಿಯನ್ನು ಪಕ್ಕಕ್ಕಿಟ್ಟು ಪ್ರಶ್ನೆ ಕೇಳಲಾರಂಭಿಸಿದರು. ಏರಿನಲ್ಲಿ ಮಾತ್ರವೋ, ಸಮದಲ್ಲಿಯೂ ಹೀಗೆಯೋ? ಟಾಪ್ ಗೇರಿನಲ್ಲಿಯೋ, ಎಲ್ಲದರಲ್ಲಿಯೋ? ಗೇರು ಹಾಕುವಾಗ ಕಿರುಗುಟ್ಟುವುದೋ? ಕಡೆಯದಾಗಿ, “ಈ ನಡುವೆ ಯಾರಾದ್ರೂ ಕೈ ಹಾಕಿದ್ರೇನು?”

ಆಯುರ್ವೇದದಲ್ಲಿ ರೋಗಿಯ ಪರೀಕ್ಷೆಗೆ ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಮಾರ್ಗಗಳನ್ನು ಹೇಳುತ್ತಾರೆ. ಮೇಸ್ತ್ರಿ ಈ ಹೆಸರುಗಳನ್ನು ಕೇಳಿದ್ದರೋ ಇಲ್ಲವೋ. ಮೂರನ್ನೂ ಕ್ರಮವಾಗಿ ಮಾಡಿದರು. ಪ್ರಶ್ನೆ ಮುಗಿದ ಮೇಲೆ ಸ್ಪರ್ಶ: ಪೆಡಲಿನ ಮೇಲೆ ಕಾಲಿಡದೆ ಅಂಗೈಯಿಂದ ಮೆಲ್ಲನೆ ಒತ್ತಿ ನೋಡಿದರು. ಒತ್ತಿದ ಕೂಡಲೇ ಬಿಗಿ. ಸುಸ್ಥಿತಿಯ ಪೆಡಲು ಮೊದಲು ಒಂದಿಷ್ಟು ಸಡಿಲವಾಗಿ ಹೋಗಿ ಅನಂತರ ಬಿಗಿಯಾಗಬೇಕು. ಈ ಸಡಿಲಕ್ಕೆ ಅವರ ಮಾತಿನಲ್ಲಿ ‘ಪ್ಲೇ’. ನಮ್ಮ ಕಾರಿನಲ್ಲಿ ಪ್ಲೇ ಇರಲೇ ಇಲ್ಲ. ಹಿಂದಿನ ವಾರ ಗೇರು ಬಿಗಿಯೆಂದು ನಾನೇ ಒಬ್ಬರ ಕೈಯಲ್ಲಿ ಕ್ಲಚ್ಚಿನ ಸಲಾಕೆಯನ್ನು ಬಿಗಿ ಮಾಡಿಸಿದ್ದೆ. ಕಾಲು ತೆಗೆದಿದ್ದರೂ ಯಾರೋ ಪೆಡಲನ್ನು ಅರ್ಧ ತುಳಿದೇ ಇದ್ದಂತೆ ಕ್ಲಚ್ಚು ಪೂರ್ತಿ ಹಿಡಿಯದೆ ಜಾರುತ್ತಿತ್ತು. ಮೇಸ್ತ್ರಿ ಕೆಳಗೆ ಹೋಗಿ ಒಂದು ನಟ್ಟನ್ನು ನಾಲ್ಕು ಸುತ್ತು ಸಡಿಲಿಸಿದರು. ಆಮೇಲೆ ಹ್ಯಾಂಡ್‌ಬ್ರೇಕು ಬಿಗಿದು, ಮೂರನೆಯ ಗೇರಿಗೆ ಹಾಕಿ, ಪೆಡಲನ್ನು ನಿಧಾನವಾಗಿ ಬಿಟ್ಟರು. ಎಂಜಿನ್ನು ಗಕ್ಕನೆ ನಿಂತಿತು. ಜಾರುವ ಕ್ಲಚ್ಚಾದರೆ ಎಂಜಿನ್ನು ಓಡುತ್ತಲೇ ಇರುತ್ತಿತ್ತು. “ಪ್ಲೇಟು ಸತ್ತಿಲ್ಲ, ಮದುವೆಗೆ ಹೋಗಿ ಬರ್ರಿ” ಎಂದರು.

ಬಿಚ್ಚಬೇಕಿಲ್ಲವೇ ಎಂದು ನಾನು ಅನುಮಾನದಿಂದ ಕೇಳಿದೆ. “ಬಿಚ್ಚೋದು ಯಾರ ಕೈಲಾದ್ರೂ ಆಗ್ತೈತೆ ಸ್ವಾಮಿ. ಬಿಚ್ಚದಂಗೆ ಹೇಳಿದ್ರೆ ಅವನು ಮೇಸ್ತ್ರಿ” ಎಂದರು.

ಚಹಾ ಕುಡಿಯುತ್ತ ಅವರು ಹೇಳಿದ್ದನ್ನೂ, ನಾನು ಮುಂದೆ ಕಲಿತದ್ದನ್ನೂ ಕೂಡಿಸಿ ಹೇಳುವುದಾದರೆ, ಕ್ಲಚ್ಚಿನ ದೂರುಗಳು ನಾಲ್ಕು ಬಗೆ. ಮೊದಲನೆಯದು ಜಾರುವುದು. ಇದಕ್ಕೆ ಪ್ಲೇ ಇಲ್ಲದಿರುವುದು, ಪ್ಲೇಟಿನ ಸವೆತ, ಎಂಜಿನ್ನಿನ ಹಿಂಬದಿಯ ಸೀಲಿನಿಂದ ಎಣ್ಣೆ ಸೋರುವುದು ಎಂಬ ಮೂರು ಮುಖ್ಯ ಕಾರಣಗಳುಂಟು. ಮೊದಲನೆಯದನ್ನು ನೋಡದೆ ಎರಡನೆಯದನ್ನು ಹೇಳಬಾರದು. ಹ್ಯಾಂಡ್‌ಬ್ರೇಕಿನ ಪರೀಕ್ಷೆಯನ್ನೂ ಒಮ್ಮೆಗಿಂತ ಹೆಚ್ಚು ಮಾಡಬಾರದು, ಪರೀಕ್ಷೆಯೇ ರೋಗವಾದೀತು.

ಎರಡನೆಯದು ಬಿಡದಿರುವುದು. ಪೆಡಲನ್ನು ಪೂರ್ತಿ ತುಳಿದು, ನಾಲ್ಕೈದು ಎಣಿಸಿ, ಹಿನ್ನಡೆಯ ಗೇರು ಹಾಕಬೇಕು. ಆಗಲೂ ಹಲ್ಲು ಕಡಿದರೆ ಪ್ಲೇಟು ಇನ್ನೂ ತಿರುಗುತ್ತಿದೆಯೆಂದು ಅರ್ಥ. ದ್ರವದಿಂದ ನಡೆಯುವ ಕ್ಲಚ್ಚಾಗಿದ್ದು, ಪೆಡಲನ್ನು ಎರಡು ಮೂರು ಬಾರಿ ಬೇಗಬೇಗ ತುಳಿದರೆ ಗುಣ ಕಂಡಲ್ಲಿ, ದೋಷ ಪ್ಲೇಟಿನದಲ್ಲ. ಕೊಳವೆಗೆ ಗಾಳಿ ಹೊಕ್ಕಿದೆ, ಇಲ್ಲವೇ ದ್ರವ ಸೋರಿದೆ.

ಮೂರನೆಯದು ಹೊರಡುವಾಗಿನ ನಡುಕ. ಎಣ್ಣೆ ತಾಗಿದ ಪ್ಲೇಟೂ ನಡುಗುತ್ತದೆ. ಆದರೆ ಎಂಜಿನ್ನನ್ನು ಹೊತ್ತ ರಬ್ಬರು ಹರಿದಿದ್ದರೂ ಇದೇ ನಡುಕ. ಅರ್ಧ ಗಳಿಗೆಯಲ್ಲಿ ನೋಡಬಹುದಾದ ರಬ್ಬರನ್ನು ಬಿಟ್ಟು ಅರ್ಧ ದಿನದ ಪ್ಲೇಟಿಗೆ ಕೈಹಾಕುವವನು ಮೇಸ್ತ್ರಿಯಲ್ಲ.

ನಾಲ್ಕನೆಯದು ಸದ್ದು. ಗೇರಿಲ್ಲದೆ ನಿಂತಾಗ, ಪೆಡಲು ತುಳಿದ ಕೂಡಲೇ ಹುಟ್ಟುವ ಕೀಚಲು ಕ್ಲಚ್ಚನ್ನು ಒತ್ತುವ ಬೇರಿಂಗಿನದು. ತುಳಿದ ಕೂಡಲೇ ಅಡಗುವ ಗುರುಗುರು ಹೆಚ್ಚಾಗಿ ಗೇರ್‌ಪೆಟ್ಟಿಗೆಯ ಮುಂದಿನ ಬೇರಿಂಗಿನದು. ಒಂದೇ ಪಾದದ ಏರಿಳಿತದಲ್ಲಿ ಎರಡು ರೋಗಗಳು ಬೇರೆಬೇರೆಯಾಗಿ ಕೇಳಿಸುತ್ತವೆ. ಕಿಂಡಿಯಾಚೆಯ ಪಿಸುದನಿಯನ್ನು ಗುರುತಿಸಿ ಕೋಟೆಯನ್ನು ಕಾಯ್ದ ಓಬವ್ವನ ಸೀಮೆಯಲ್ಲಿ ಕಿವಿಗೆ ಇಷ್ಟು ಬೆಲೆಯಿರುವುದು ಉಚಿತವೇ ಸರಿ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಒಂದು ಸೊಗಸಾದ ನೆನಪಷ್ಟೇ ಆಗುತ್ತಿತ್ತು. ಆದರೆ ಅದೇ ದಿನ, ಅದೇ ಚಪ್ಪರದಲ್ಲಿ ಮತ್ತೊಂದನ್ನು ಕಂಡೆ. ಅದರ ಅರ್ಥ ನನಗೆ ಆಗುವುದಕ್ಕೆ ಹಲವು ವರ್ಷಗಳು ಬೇಕಾದವು. ಪಕ್ಕದಲ್ಲಿ ಒಂದು ಲಾರಿಯ ಕ್ಲಚ್ಚನ್ನು ಬಿಚ್ಚಿದ್ದರು. ಹದಿಮೂರು ಹದಿನಾಲ್ಕರ ಹುಡುಗನೊಬ್ಬ ಕ್ಲಚ್ಚಿನ ಗೂಡಿಗೆ ಮುಖ ಕೊಟ್ಟು ಉಫ್ ಎಂದು ಊದಿದ. ಬೂದುಬಣ್ಣದ ಧೂಳು ಎದ್ದು ಬಿಸಿಲಿನಲ್ಲಿ ಮಿನುಗಿ ಅವನ ತಲೆ, ರೆಪ್ಪೆ, ತುಟಿಗಳ ಮೇಲೆ ಕೂತಿತು. ಅವನು ನಕ್ಕ; ನಾನೂ ನಕ್ಕೆ. ಇನ್ನೊಬ್ಬ ಮೂಲೆಯಲ್ಲಿ ಕೂತು ಹೊಸ ಕಲ್ನಾರಿನ ಬಳೆಗಳನ್ನು ಪ್ಲೇಟಿಗೆ ರಿವೆಟ್ಟು ಹೊಡೆದು ಅಂಚನ್ನು ಅರದಿಂದ ಉಜ್ಜುತ್ತಿದ್ದ. ಅಲ್ಲಿಯೂ ಧೂಳು.

ಆ ಧೂಳಿನ ಇತಿಹಾಸ ನಮ್ಮ ಚಪ್ಪರಗಳಿಗಿಂತ ಹಳೆಯದು. 1924ರಲ್ಲಿ ಇಂಗ್ಲೆಂಡಿನ ರೋಚ್‌ಡೇಲಿನ ಕಲ್ನಾರಿನ ಗಿರಣಿಯಲ್ಲಿ ದುಡಿದ ನೆಲ್ಲಿ ಕರ್ಷಾ ಎಂಬ ಹೆಣ್ಣುಮಗಳು ಸತ್ತಾಗ, ಅವಳ ಶ್ವಾಸಕೋಶವನ್ನು ಪರೀಕ್ಷಿಸಿದ ವೈದ್ಯ ಕುಕ್ ಅಲ್ಲಿ ಕಲ್ಲಿನ ಕಣಗಳನ್ನು ಕಂಡ. 1930ರಲ್ಲಿ ಮೆರಿವೆದರ್ ಮತ್ತು ಪ್ರೈಸ್ ಎಂಬ ಅಧಿಕಾರಿಗಳ ವರದಿ ಬಂತು. 1931ರಲ್ಲಿ ಅಲ್ಲಿನ ಗಿರಣಿಗಳಿಗೆ ಧೂಳಿನ ನಿಯಮಗಳು ಬಂದವು. ಕಲ್ನಾರಿನ ಸೂಕ್ಷ್ಮವಾದ ಎಳೆ ಎದೆಯೊಳಗೆ ಹೊಕ್ಕರೆ ಕರಗದು. ಇಪ್ಪತ್ತು, ಮೂವತ್ತು, ಕೆಲವೊಮ್ಮೆ ನಲವತ್ತು ವರ್ಷಗಳ ಮೇಲೆ ರೋಗವಾಗಿ ಏಳುತ್ತದೆ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಬ್ರಿಟನ್ 1999ರಲ್ಲಿ ಕಲ್ನಾರನ್ನು ಪೂರ್ಣವಾಗಿ ನಿಷೇಧಿಸಿತು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಉಜ್ಜಾಟದ ಶಾಖದಲ್ಲಿ ಕಲ್ನಾರಿನ ಬಹುಪಾಲು ಅಷ್ಟು ಅಪಾಯಕರವಲ್ಲದ ಬೇರೊಂದು ಖನಿಜವಾಗಿ ಮಾರ್ಪಡುತ್ತದೆ. ಆದ್ದರಿಂದ ಮೋಟಾರು ಮೇಸ್ತ್ರಿಗಳಿಗೆ ಗಿರಣಿಯ ಕೆಲಸಗಾರರಷ್ಟೇ ಅಪಾಯವಿತ್ತೇ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ವಾದವಿದೆ. ಆದರೆ ಬಹುಪಾಲು ಎಂದರೆ ಎಲ್ಲವೂ ಅಲ್ಲ. ಹೊಸ ಬಳೆಯನ್ನು ಅರದಿಂದ ಉಜ್ಜುವವನಿಗೆ ಆ ಸಮಾಧಾನವೂ ಇಲ್ಲ.

ನಮ್ಮ ದೇಶದಲ್ಲಿ 1995ರ ಜನವರಿ 27ರಂದು ಸರ್ವೋಚ್ಚ ನ್ಯಾಯಾಲಯ ಒಂದು ಹಿರಿದಾದ ತೀರ್ಪು ಕೊಟ್ಟಿತು. ಕೆಲಸಗಾರನ ಆರೋಗ್ಯ ಅವನ ಬದುಕುವ ಹಕ್ಕಿನ ಭಾಗವೆಂದು ಸಾರಿ, ಕಲ್ನಾರಿನ ಕಾರ್ಖಾನೆಗಳು ಪ್ರತಿಯೊಬ್ಬ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ ಇಡಬೇಕೆಂದು ವಿಧಿಸಿತು. ಆದರೆ ಹಿರಿಯೂರಿನ ಚಪ್ಪರ ಕಾರ್ಖಾನೆಯಲ್ಲ. 1948ರ ಕಾರ್ಖಾನೆಗಳ ಕಾಯಿದೆ ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಂಡದ್ದು, ವಿದ್ಯುಚ್ಛಕ್ತಿ ಬಳಸುವಲ್ಲಿ 10 ಮಂದಿ, ಬಳಸದಲ್ಲಿ 20 ಮಂದಿ ದುಡಿಯುವ ಸ್ಥಳಗಳನ್ನು. ಒಬ್ಬ ಮೇಸ್ತ್ರಿ, ಇಬ್ಬರು ಹುಡುಗರು ಇರುವ ಚಪ್ಪರದ ಹೆಸರು ಯಾವ ಪುಸ್ತಕದಲ್ಲಿಯೂ ಏರಲಿಲ್ಲ. ಆ ಹುಡುಗನಿಗೆ 40 ವರ್ಷಗಳ ದಾಖಲೆಯಿರಲಿ, ಒಂದು ದಿನದ ದಾಖಲೆಯೂ ಇರಲಾರದು. ಅವನೀಗ ಐವತ್ತರ ಆಚೆಯವನು. ಅವನು ಎಲ್ಲಿದ್ದರೂ ಸುಖವಾಗಿರಲಿ ಎಂದು ಹಾರೈಸುವುದಲ್ಲದೆ ನನ್ನಿಂದ ಬೇರೇನೂ ಸಾಧ್ಯವಿಲ್ಲ.

ಇದನ್ನೆಲ್ಲ ಓದಿ ತಿಳಿದ ಮೇಲೆ ಮೇಸ್ತ್ರಿಯ ಮಾತಿಗೆ ನನ್ನಲ್ಲಿ ಎರಡನೆಯ ಅರ್ಥವೊಂದು ಹುಟ್ಟಿತು. ಬಿಚ್ಚದೆ ಹೇಳುವುದು ಗಿರಾಕಿಯ ಹಣ ಉಳಿಸುವ ವಿದ್ಯೆಯೆಂದು ನಾನು ತಿಳಿದಿದ್ದೆ. ಅವರೂ ಹಾಗೆಯೇ ತಿಳಿದಿದ್ದಿರಬೇಕು. ಆದರೆ ಅನವಶ್ಯಕವಾಗಿ ಬಿಚ್ಚದ ಒಂದೊಂದು ಕ್ಲಚ್ಚೂ, ಯಾರಿಗೂ ಅರಿವಿಲ್ಲದೆಯೇ, ಒಬ್ಬ ಹುಡುಗನ ಎದೆಗೆ ಒಂದು ಹಿಡಿ ಧೂಳನ್ನು ಕಡಿಮೆ ಮಾಡುತ್ತಿತ್ತು. ನಟ್ಟನ್ನು ನಾಲ್ಕು ಸುತ್ತು ಸಡಿಲಿಸಿ ನನ್ನನ್ನು ಮದುವೆಗೆ ಕಳುಹಿಸಿದ ಆ ಮಧ್ಯಾಹ್ನ ಉಳಿದದ್ದು ನನ್ನ ಹಣ ಮಾತ್ರವಲ್ಲ. ಸರಿಯಾದ ನಿದಾನವೆಂಬುದು ರೋಗಿಯನ್ನು ಹೇಗೋ ಹಾಗೆ ವೈದ್ಯನನ್ನೂ ಕಾಯುತ್ತದೆ.

ಕಾಲ ಬದಲಾಗಿದೆ. ಹೆದ್ದಾರಿ ಹಲವು ಪಥಗಳಾಗಿ ಊರುಗಳನ್ನು ಬದಿಗೆ ಬಿಟ್ಟು ಓಡುತ್ತಿದೆ. ಕಲ್ನಾರಿಲ್ಲದ ಪ್ಲೇಟುಗಳು ಬಂದಿವೆ. ಆದರೆ ನಮ್ಮಲ್ಲಿ ಬಿಳಿಯ ಕಲ್ನಾರಿನ ಬಳಕೆಗೆ ಪೂರ್ಣ ನಿಷೇಧವಿಲ್ಲ, ಹಳೆಯ ಪ್ಲೇಟಿನಲ್ಲಿ ಏನಿದೆಯೆಂದು ಕಣ್ಣಿನಿಂದ ಹೇಳಲಾಗದು. ಇನ್ನೊಂದು ಕಡೆ ವಿದ್ಯುತ್ತಿನ ಬಸ್ಸು ಕಾರುಗಳು ಬಂದಿವೆ. ವಿದ್ಯುತ್ ಮೋಟಾರಿಗೆ ಕ್ಲಚ್ಚು ಬೇಕಿಲ್ಲ. ಅದು ಎತ್ತಿನಂತೆ ನಿಂತಲ್ಲಿಂದಲೇ ಪೂರ್ಣಬಲದಿಂದ ಎಳೆಯಬಲ್ಲದು. ಚಿತ್ರದುರ್ಗದ ಗುಡ್ಡಗಳ ನೆತ್ತಿಯ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೋಡುವಾಗ, ಗಾಡಿ ಒಂದು ಸುತ್ತು ಹಾಕಿ ನೊಗದ ಕಾಲಕ್ಕೇ ಮರಳಿತೇನೋ ಎನ್ನಿಸುತ್ತದೆ.

ಆದರೂ ಕ್ಲಚ್ಚಿನ ವಾಹನಗಳು ಇನ್ನೂ ಬಹುಕಾಲ ಈ ನಾಲ್ಕು ಊರುಗಳ ಚಪ್ಪರಗಳ ಮುಂದೆ ಬಂದು ನಿಲ್ಲುತ್ತವೆ. ಅಲ್ಲಿಗೆ ಹೋಗುವವರಲ್ಲಿ ನನ್ನ ವಿನಂತಿ ಇಷ್ಟು. ಬಿಚ್ಚುವ ಮೊದಲು ಪ್ರಶ್ನೆ ಕೇಳುವ ಮೇಸ್ತ್ರಿಯನ್ನು ಹುಡುಕಿರಿ. ಅವರು ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡಿರಿ. ಬಿಚ್ಚಲೇಬೇಕಾಗಿ ಬಂದರೆ, ಧೂಳನ್ನು ಊದಬೇಡವೆಂದು ಹುಡುಗನಿಗೆ ಹೇಳಿರಿ. ಅದನ್ನು ನೀರಿನಲ್ಲಿ ನೆನೆಸಿ ಒದ್ದೆ ಬಟ್ಟೆಯಿಂದ ಒರೆಸಲಿ. ಅದಕ್ಕೆ ಬೇಕಾಗುವುದು ಒಂದು ಚೊಂಬು ನೀರು, ಒಂದು ಚಿಂದಿ ಬಟ್ಟೆ.